5 ರೂಪಾಯಿ ಯಶಸ್ವಿನಿಯಿಂದ 5 ಲಕ್ಷದ ಕಾರ್ಡಿನವರೆಗೆ

ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಊರಿನ ಸೊಸೈಟಿಯಲ್ಲಿ ಇಷ್ಟು ಕಟ್ಟಿದ ರೈತನಿಗೆ ಹೃದಯದ ಆಪರೇಷನ್ ಬೇಕಾದರೂ ಯೋಜನೆಯ ಮಿತಿಯೊಳಗೆ ಆಸ್ಪತ್ರೆ ದುಡ್ಡು ಕೇಳುವಂತಿರಲಿಲ್ಲ. 2003ರ ಜೂನ್ 1ರಂದು ಶುರುವಾದ ಯಶಸ್ವಿನಿಯ ಕರಾರು ಇದು. ಆಗ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಯೋಜನೆಯ ಹಿಂದಿದ್ದ ತಲೆ ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿ ಅವರದು. ಮೊದಲ ವರ್ಷ ತಲೆಗೆ ತಿಂಗಳಿಗೆ ಎರಡೂವರೆ ರೂಪಾಯಿಯನ್ನು ಸರ್ಕಾರವೂ ಹಾಕಿತು.

5 ರೂಪಾಯಿಗೆ ಇದು ಹೇಗೆ ಸಾಧ್ಯ ಎಂದು ಆಗ ಬಹಳ ಜನ ಕೇಳಿದ್ದರು. ಲೆಕ್ಕ ಕಷ್ಟದ್ದಲ್ಲ. ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ, ಆಪರೇಷನ್ ಮಾಡಿಸಿಕೊಂಡವರು ಸುಮಾರು 9 ಸಾವಿರ. ಅಂದರೆ ಸಾವಿರ ಜನರಲ್ಲಿ ಆರು ಮಂದಿಗೂ ಚಾಕು ಹಾಕಬೇಕಾಗಿ ಬರಲಿಲ್ಲ. ಉಳಿದವರ ದುಡ್ಡು ಆ ಆರು ಮಂದಿಗೆ. ಜೊತೆಗೆ ಖಾಸಗಿ ಆಸ್ಪತ್ರೆಗಳಲ್ಲಿ ಖಾಲಿ ಹಾಸಿಗೆಗಳಿದ್ದವು. ಒಟ್ಟಿಗೆ ಇಷ್ಟೊಂದು ರೋಗಿಗಳು ಬರುತ್ತಾರೆಂದರೆ ಕಡಿಮೆ ದರಕ್ಕೂ ಅವು ಒಪ್ಪಿದವು. ಯಾವ ಆಪರೇಷನ್‌ಗೆ ಎಷ್ಟು ಎಂಬ ಪಟ್ಟಿ ಮೊದಲೇ ಆಗಿತ್ತು. ಯೋಜನೆ ಹೆಚ್ಚಾಗಿ ಆಪರೇಷನ್‌ಗೆ ಮಾತ್ರವಾದರೂ ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದದ್ದು, ಕರೆಂಟ್ ಶಾಕ್, ಬೇಸಾಯದ ಯಂತ್ರಕ್ಕೆ ಕೈ ಸಿಕ್ಕಿದ್ದು ಇವನ್ನೂ ಸೇರಿಸಿಕೊಂಡಿತ್ತು. ಬೇಸಾಯ ಗೊತ್ತಿದ್ದವರು ಕೂತು ಬರೆದ ಪಟ್ಟಿಯಂತೆ ಕಾಣುತ್ತದೆ.

ರೈತರಿಗೆ ಇಷ್ಟು ಸಿಗಲು ಸ್ವಾತಂತ್ರ್ಯ ಬಂದು 56 ವರ್ಷ ಬೇಕಾಯಿತು ಎಂಬುದನ್ನೂ ನೆನೆಯಬೇಕು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಅದು ಕೇಳಿದ್ದು ವಿಮೆಯನ್ನಲ್ಲ, ತೆರಿಗೆ ಹಣದಲ್ಲಿ ನಡೆಯುವ ಸರ್ಕಾರಿ ಆಸ್ಪತ್ರೆಗಳ ಜಾಲವನ್ನು. ಆಮೇಲೆ ಬಂದದ್ದು ಬೇರೆಯೇ. 1952ರಲ್ಲಿ ಕಾರ್ಖಾನೆ ಕಾರ್ಮಿಕರಿಗೆ ಇಎಸ್‌ಐ ಬಂತು, 1954ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್. ತಿಂಗಳ ಸಂಬಳದವರಿಗೆ ಮೊದಲು ಭದ್ರತೆ ಸಿಕ್ಕಿತು. ಹೊಲದಲ್ಲಿ ದುಡಿಯುವವರಿಗೆ ಪಿಎಚ್‌ಸಿ ಉಳಿಯಿತು, ಅಲ್ಲಿ ಡಾಕ್ಟರ್ ಇದ್ದರೆ.

ಯಶಸ್ವಿನಿಗೆ ಎರಡನೇ ವರ್ಷ ಸದಸ್ಯರು 20 ಲಕ್ಷ ದಾಟಿದರು. ಮೂರನೇ ವರ್ಷ, 2005ರಲ್ಲಿ, ಖರ್ಚು ತೂಗಿಸಲು ವಂತಿಗೆಯನ್ನು 60ರಿಂದ 120 ರೂಪಾಯಿಗೆ ಏರಿಸಿದರು. ಸದಸ್ಯರು 15 ಲಕ್ಷದೊಳಕ್ಕೆ ಇಳಿದರು. ಆಪರೇಷನ್‌ಗಳ ಸಂಖ್ಯೆ ಮಾತ್ರ ಇಳಿಯದೆ 20 ಸಾವಿರದ ಹತ್ತಿರ ಹೋಯಿತು. ಸಾವಿರಕ್ಕೆ ಆರು ಇದ್ದದ್ದು ಹದಿಮೂರಾಯಿತು. ಇದಕ್ಕೆ ಎರಡು ಕಾರಣ ಇರಬಹುದು. ಕಾರ್ಡಿನ ಉಪಯೋಗ ಜನಕ್ಕೆ ಗೊತ್ತಾಗಿತ್ತು. ಇನ್ನೊಂದು, ಗಟ್ಟಿಮುಟ್ಟಾಗಿದ್ದವರು ‘ನಮಗೇನಾಗಿದೆ, ದುಡ್ಡು ಯಾಕೆ ದಂಡ’ ಎಂದು ಬಿಟ್ಟರು, ಕಾಯಿಲೆ ಇದ್ದವರು ಉಳಿದರು. ಇಷ್ಟ ಇದ್ದವರು ಮಾತ್ರ ಸೇರುವ ಯಾವ ವಿಮೆಗೂ ಈ ಪೀಡೆ ತಪ್ಪಿದ್ದಲ್ಲ. ವಂತಿಗೆ ಏರಿದಷ್ಟೂ ಆರೋಗ್ಯವಂತರು ಹೊರಗೆ, ಅವರು ಹೋದಷ್ಟೂ ವಂತಿಗೆ ಮತ್ತೆ ಮೇಲಕ್ಕೆ. ಎಲ್ಲರಿಗೂ ಸರ್ಕಾರವೇ ಕಟ್ಟಲಿ ಎನ್ನುವವರ ವಾದಕ್ಕೆ ಇದಕ್ಕಿಂತ ದೊಡ್ಡ ಬಲ ಇಲ್ಲ.

2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಆ ದಾರಿ ಹಿಡಿಯಿತು. ವಂತಿಗೆ ಇಲ್ಲ, ಬಿಪಿಎಲ್ ಕಾರ್ಡೇ ಸಾಕು. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮೊದಲು ಗುಲ್ಬರ್ಗಾ ವಿಭಾಗ, ಆಮೇಲೆ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಆ ಕಾಯುವಿಕೆಯೇ ಸಂಶೋಧಕರಿಗೆ ಅನುಕೂಲವಾಯಿತು. ಯೋಜನೆ ಬಂದ ಕಡೆಯ ಗಡಿ ಹಳ್ಳಿಗಳನ್ನೂ, ಬಾರದ ಕಡೆಯ ಹಳ್ಳಿಗಳನ್ನೂ ಸೇರಿಸಿ 572 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅವರ ವರದಿಯ ಪ್ರಕಾರ, ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಬಿಪಿಎಲ್ ಮನೆಗಳಲ್ಲಿ ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ಗಡಿಯ ಈಚೆ ಬದುಕಿದವರಂಥವರೇ ಆಚೆ ಸತ್ತಿದ್ದಾರೆ. ಸರ್ಕಾರಿ ವಿಮೆ ಬರೀ ಖಾಸಗಿ ಆಸ್ಪತ್ರೆಗಳ ಹೊಟ್ಟೆ ತುಂಬಿಸುತ್ತದೆ ಎನ್ನುವವರು ಈ ಅಂಕಿಗೂ ಉತ್ತರ ಕೊಡಬೇಕಾಗುತ್ತದೆ.

ಹಾಗೆಂದು ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಕಾರ್ಡು ನಡೆಯುವುದು ಅಡ್ಮಿಟ್ ಆದವರಿಗೆ. ಶುಗರ್, ಬಿಪಿ ಮಾತ್ರೆಗೆ, ವಾರ ಬಿಟ್ಟು ವಾರ ಹೋಗುವ ಕ್ಲಿನಿಕ್ಕಿಗೆ, ಹೊರಗೆ ಬರೆದುಕೊಡುವ ಸ್ಕ್ಯಾನಿಗೆ, ಬಸ್ ಚಾರ್ಜಿಗೆ ಅದು ನಡೆಯದು. ಹಳ್ಳಿ ಮನೆಯ ದುಡ್ಡು ಸೋರಿಹೋಗುವುದು ಅಲ್ಲೇ. ದೇಶದಲ್ಲಿ ಆರೋಗ್ಯಕ್ಕೆ 100 ರೂಪಾಯಿ ಖರ್ಚಾದರೆ 2013-14ರಲ್ಲಿ 64 ರೂಪಾಯಿ ಜನರ ಜೇಬಿನಿಂದಲೇ ಹೋಗುತ್ತಿತ್ತು. 2021-22ಕ್ಕೆ ಅದು 39ಕ್ಕೆ ಇಳಿದಿದೆ ಎನ್ನುತ್ತದೆ ಕೇಂದ್ರದ ಲೆಕ್ಕ. ಇಳಿದಿದ್ದರೂ 39 ಎಂಬುದು ಸಣ್ಣ ಮೊತ್ತವಲ್ಲ.

ಇನ್ನು ದರದ ಪ್ರಶ್ನೆ. ಯೋಜನೆಯ ರೋಗಿಗೆ ಆಸ್ಪತ್ರೆ ಪಟ್ಟಿಯ ದರವನ್ನೇ ಹಾಕಬೇಕು. ಕಾರ್ಡು ಇಲ್ಲದೆ ಪಕ್ಕದ ಹಾಸಿಗೆಯಲ್ಲಿ ಮಲಗಿದವನಿಗೆ? 2017ರಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದು ಎಲ್ಲರಿಗೂ ದರ ಕಟ್ಟಲು ಹೊರಟರು. ತಪ್ಪಿದರೆ ಜೈಲು ಎಂದೂ ಮಸೂದೆಯಲ್ಲಿತ್ತು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ಡಾಕ್ಟರುಗಳು ರಾಜ್ಯದಾದ್ಯಂತ ಬಾಗಿಲು ಹಾಕಿದರು. ಯಂತ್ರಕ್ಕೆ, ಜಾಗಕ್ಕೆ, ಸಿಬ್ಬಂದಿಗೆ ಖರ್ಚು ಏರುತ್ತಿರುವಾಗ ಸರ್ಕಾರ ಕೂತಲ್ಲೇ ದರ ಹೇಳುವುದು ಹೇಗೆ ಎಂಬುದು ಅವರ ವಾದ. ಸಣ್ಣ ಊರಿನ ನರ್ಸಿಂಗ್ ಹೋಂ ನಡೆಸುವವರ ಮಟ್ಟಿಗೆ ಅದರಲ್ಲಿ ಹುರುಳಿತ್ತು. ಕೊನೆಗೆ ಪಾಸಾದ ಕಾಯ್ದೆಯಲ್ಲಿ ಸರ್ಕಾರ ದರ ಕಟ್ಟುವುದು ತನ್ನ ಯೋಜನೆಯ ರೋಗಿಗಳಿಗೆ ಮಾತ್ರ ಎಂದಾಯಿತು. ಅಲ್ಲಿಗೆ ದೊಡ್ಡ ಆಸ್ಪತ್ರೆಗಳೂ ಉಸಿರು ಬಿಟ್ಟವು.

ಮರುವರ್ಷ, 2018ರಲ್ಲಿ, ಯಶಸ್ವಿನಿಯೂ ಸೇರಿ ಹಳೆಯ ಯೋಜನೆಗಳೆಲ್ಲ ಆರೋಗ್ಯ ಕರ್ನಾಟಕದೊಳಗೆ ಕರಗಿದವು. ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆಗೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಉಳಿದದ್ದು ಅವರದೇ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ತರಬೇಕು. ಸರ್ಕಾರಿ ಆಸ್ಪತ್ರೆ ಬಲವಾಗಲಿ ಎಂಬ ಉದ್ದೇಶ ಸರಿ, ಆದರೆ ಚೀಟಿಗಾಗಿ ತಾಲ್ಲೂಕು ಆಸ್ಪತ್ರೆಗೆ ಅಲೆಯುವವರಿಗೆ ಅದು ಇನ್ನೊಂದು ದಿನದ ಕೂಲಿ. ನಾಲ್ಕೈದು ಎಕರೆ ಇಟ್ಟುಕೊಂಡು ಎಪಿಎಲ್ ಆದ ರೈತರಿಗೆ ಯಶಸ್ವಿನಿ ಹೋದ ಪೆಟ್ಟು ಜೋರಾಗಿ ತಗುಲಿತು. ಅವರ ಒತ್ತಾಯಕ್ಕೇ 2022ರ ಕೊನೆಗೆ ಯಶಸ್ವಿನಿ ಮತ್ತೆ ಬಂತು. ಈಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ.

2017ರ ಆ ಜಗಳದಿಂದ ಜನಕ್ಕೆ ಏನೂ ಸಿಗಲಿಲ್ಲ ಎನ್ನುವಂತಿಲ್ಲ. ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಿ ಎಂದು ಕೂರುವಂತಿಲ್ಲ. ಬಿಲ್ ಬಾಕಿ ಇದೆ ಎಂದು ಹೆಣ ಕೊಡದೆ ಇರುವಂತಿಲ್ಲ. ದೂರು ಕೊಡಲು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಅದರ ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯ ಅಧಿಕಾರಿ. ಮುಂದಿನ ಸಲ ನರ್ಸಿಂಗ್ ಹೋಂಗೆ ಹೋದಾಗ ಬಿಲ್ ಕೌಂಟರಿನ ಆಸುಪಾಸಿನ ಗೋಡೆ ನೋಡಿ. ದರಪಟ್ಟಿ ಇಲ್ಲದಿದ್ದರೆ ಎಲ್ಲಿದೆ ಎಂದು ಕೇಳಿ.