ಹೆಗಲ ಮೇಲಿನ ಟವೆಲ್

1952ರ ಬೇಸಿಗೆಯ ಒಂದು ಬೆಳಗ್ಗೆ, ಆರು ಗಂಟೆಯ ಹೊತ್ತು. ಇಟಲಿಯ ಪೊಸಿಟಾನೊ ಊರಿನ ಹೋಟೆಲ್ ಬಾಲ್ಕನಿಯಲ್ಲಿ ಅಮೆರಿಕದ ಲೇಖಕಿ ಪೆಟ್ರೀಷಿಯಾ ಹೈಸ್ಮಿತ್ ನಿಂತಿದ್ದಳು. ಕೆಳಗೆ ಕಡಲತೀರ ಖಾಲಿ ಬಿದ್ದಿತ್ತು. ಚಡ್ಡಿ, ಚಪ್ಪಲಿ ತೊಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡ ಯುವಕನೊಬ್ಬ ಏನೋ ಚಿಂತೆಯಲ್ಲಿದ್ದವನಂತೆ ಮರಳಿನ ಮೇಲೆ ನಡೆದುಹೋದ. ಇಷ್ಟು ಹೊತ್ತಿಗೇ ಒಬ್ಬನೇ ಇಲ್ಲೇಕೆ? ಅವಳು ಅವನನ್ನು ಮಾತಾಡಿಸಲಿಲ್ಲ, ಮತ್ತೆಂದೂ ಕಾಣಲೂ ಇಲ್ಲ. ಮೂರು ವರ್ಷಗಳ ನಂತರ ‘ದ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ ಕಾದಂಬರಿ ಹೊರಬಂತು.

ಸಿರಿವಂತರ ನಡುವೆ ನುಸುಳಿದ ಹೊರಗಿನವನೊಬ್ಬನ ಕಥೆ ಹುಟ್ಟಲು ಆ ಊರಿಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ಅಮಾಲ್ಫಿ ಕರಾವಳಿಯ ಕಡಿದಾದ ಗುಡ್ಡಕ್ಕೆ ಅಂಟಿಕೊಂಡ ಪೊಸಿಟಾನೊದಲ್ಲಿ ಬೀದಿಗಿಂತ ಮೆಟ್ಟಿಲುಗಳೇ ಹೆಚ್ಚು. ಹಿಂದೆ ಮೀನುಗಾರಿಕೆ ಮತ್ತು ಹಾಯಿಹಡಗಿನ ವ್ಯಾಪಾರ ಅದರ ಹೊಟ್ಟೆ ಹೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗು ಬಂದು ಹಾಯಿಯ ಕಾಲ ಮುಗಿಯಿತು. ಬಡತನ ತಾಳಲಾರದೆ ಜನ ಗಂಟುಮೂಟೆ ಕಟ್ಟಿ ಅಮೆರಿಕಕ್ಕೆ ಹೊರಟರು. 1880ರಿಂದ ನಾಲ್ಕು ದಶಕಗಳಲ್ಲಿ ಇಟಲಿಯಿಂದ ಅಮೆರಿಕಕ್ಕೆ ಹೋದವರು ಸುಮಾರು 40 ಲಕ್ಷ; ಅವರಲ್ಲಿ ಬಹುಪಾಲು ದಕ್ಷಿಣದವರು. ಹಡಗಿನ ತಳದ ಡೆಕ್ಕಿನಲ್ಲಿ ಒತ್ತೊತ್ತಾಗಿ ಕೂತು ಹೋದ ಅವರು ನ್ಯೂಯಾರ್ಕಿನಲ್ಲಿ ಕೂಲಿಗೆ ನಿಂತರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಡಗುಗಳು ಬೇರೊಂದು ಬಗೆಯ ಜನರನ್ನು ಎದುರು ದಿಕ್ಕಿನಿಂದ ಹೊತ್ತು ತಂದವು. ಒಂದು ಡಾಲರಿಗೆ ಸುಮಾರು 625 ಲಿರಾ ಸಿಗುತ್ತಿದ್ದ ಕಾಲವದು. ಊರಲ್ಲಿ ಸಾಧಾರಣ ವರಮಾನವಿದ್ದ ಅಮೆರಿಕನ್ನನೂ ಇಲ್ಲಿ ಧಣಿಯಾಗಬಹುದಿತ್ತು. ಪೊಸಿಟಾನೊದ ಸೆರ್ಸಾಲೆ ಎಂಬ ಕುಲೀನ ಮನೆತನ 1951ರಲ್ಲಿ ತಮ್ಮ ಬೇಸಿಗೆ ಮನೆಯನ್ನೇ ‘ಲೆ ಸಿರೆನೂಸೆ’ ಹೋಟೆಲನ್ನಾಗಿ ಮಾಡಿತು. ಅಲ್ಲಿ ತಂಗಿದ್ದ ಜಾನ್ ಸ್ಟೈನ್‌ಬೆಕ್ ಊರಿನ ಬಗ್ಗೆ ಬರೆದ ಪ್ರಬಂಧ 1953ರಲ್ಲಿ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯಲ್ಲಿ ಬಂದದ್ದೇ ತಡ, ಪ್ರವಾಸಿಗರು ಮುಗಿಬಿದ್ದರು.

ಟಾಮ್ ರಿಪ್ಲಿ ಬರುವುದೂ ಇದೇ ಎದುರು ದಾರಿಯಲ್ಲಿ. ನ್ಯೂಯಾರ್ಕಿನಲ್ಲಿ ಅವನದು ಬಾಡಿಗೆ ಕೋಣೆಯ ಬದುಕು; ತೆರಿಗೆ ಅಧಿಕಾರಿಯ ಸೋಗು ಹಾಕಿ ಅಮಾಯಕರನ್ನು ಹೆದರಿಸುವುದು ಕಸುಬು. ಸರ್ಕಾರದ ಹೆಸರಿಗೆ ಬರುವ ಆ ಚೆಕ್ಕುಗಳಿಂದ ಅವನಿಗೆ ಒಂದು ಕಾಸೂ ದಕ್ಕದು! ಹಡಗು ಕಟ್ಟುವ ಉದ್ಯಮಿ ಗ್ರೀನ್‌ಲೀಫ್, ಇಟಲಿಯಲ್ಲಿ ಠಿಕಾಣಿ ಹೂಡಿರುವ ಮಗ ಡಿಕಿಯನ್ನು ಮನೆಗೆ ಮರಳಿಸೆಂದು ಅವನಿಗೆ ಖರ್ಚು ಕೊಟ್ಟು ಕಳಿಸುತ್ತಾನೆ. ಡಿಕಿ ಇರುವ ಮೊಂಜಿಬೆಲ್ಲೊ ಕಲ್ಪಿತ ಊರು. ಆದರೆ ಅದರ ಮೈಕಟ್ಟಿನಲ್ಲಿ ಪೊಸಿಟಾನೊ ಎದ್ದು ಕಾಣುತ್ತದೆ.

ಹಡಗಿನ ಅಂಗಡಿಯಲ್ಲಿ ಟಾಮ್ ಒಂದು ಉಣ್ಣೆಯ ಟೋಪಿ ಕೊಳ್ಳುತ್ತಾನೆ. ಹೀಗೆ ಓರೆ ಮಾಡಿದರೆ ಹಳ್ಳಿಯ ಜಮೀನ್ದಾರ, ಹಾಗೆ ಎಳೆದರೆ ಪುಂಡ, ಇನ್ನೊಂದು ಬಗೆಯಲ್ಲಿ ಇಂಗ್ಲಿಷಿನವ. ಟಾಮ್ ಮುಂದೆ ಮಾಡಲಿರುವ ಡಿಕಿಯ ಕೊಲೆಗೆ ಮೊದಲೇ ವೇಷ ಶುರುವಾಗಿರುತ್ತದೆ. ಮುಂದೊಮ್ಮೆ ಡಿಕಿಯ ಕೋಣೆಯಲ್ಲಿ ಅವನ ಬಟ್ಟೆ ತೊಟ್ಟು, ಕನ್ನಡಿಯ ಮುಂದೆ ಅವನ ದನಿಯನ್ನೇ ಅನುಕರಿಸುತ್ತಿರುವಾಗ ಬಾಗಿಲಲ್ಲಿ ಡಿಕಿಯೇ ಬಂದು ನಿಲ್ಲುತ್ತಾನೆ. ಓದುಗರ ಉಸಿರು ಹಿಡಿಯುವುದು ಆ ನಾಚಿಕೆಯ ಗಳಿಗೆಯಲ್ಲಿ. ಸ್ಯಾನ್ ರೆಮೊದ ದೋಣಿಯಲ್ಲಿ ಹುಟ್ಟಿನ ಏಟು ಬೀಳುವುದು ಆಮೇಲೆ. ಉಂಗುರ, ಬಟ್ಟೆ, ಸಹಿ ಇಷ್ಟು ಕೈಗೆ ಬಂದರೆ ಸಾಕು, ಬ್ಯಾಂಕಿನವರಿಗೆ ಅವನೇ ಡಿಕಿ.

ಉಳ್ಳವರನ್ನು ದೂರದಿಂದ ನೋಡುವುದು ಹೈಸ್ಮಿತ್‌ಗೆ ಹೊಸದಲ್ಲ. ಕಾಮಿಕ್ಸ್‌ಗೆ ಕಥೆ ಬರೆದು ಬದುಕಿದ್ದ ಅವಳು 1948ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕಿನ ಬ್ಲೂಮಿಂಗ್‌ಡೇಲ್ಸ್ ಮಳಿಗೆಯಲ್ಲಿ ಗೊಂಬೆ ಮಾರುತ್ತಿದ್ದಳು. ಮಿಂಕ್ ಕೋಟು ತೊಟ್ಟ ಹೆಂಗಸೊಬ್ಬಳು ಬಂದು ಗೊಂಬೆ ಕೊಂಡು ಹೋದಳು, ಅಷ್ಟೇ. ಅವತ್ತು ರಾತ್ರಿಯೇ ಇನ್ನೊಂದು ಕಾದಂಬರಿಯ ಎಳೆ ಸಿಕ್ಕಿತು. ಅದು 1952ರಲ್ಲಿ ಗುಪ್ತನಾಮದಲ್ಲಿ ಅಚ್ಚಾದ ‘ದ ಪ್ರೈಸ್ ಆಫ್ ಸಾಲ್ಟ್’.

ರಿಪ್ಲಿ ಸಿಕ್ಕಿಬೀಳುವುದಿಲ್ಲ. 1960ರಲ್ಲಿ ಅಲೆನ್ ದೆಲೋನ್ ನಟಿಸಿದ ಫ್ರೆಂಚ್ ಚಿತ್ರ ಕೊನೆಯಲ್ಲಿ ಅವನನ್ನು ಪೊಲೀಸರ ಬಲೆಗೆ ಕೆಡವಿದ್ದು ಹೈಸ್ಮಿತ್‌ಗೆ ಹಿಡಿಸಲಿಲ್ಲ. ಮುಂದೆ ಅವಳು ಅವನ ಮೇಲೆ ಇನ್ನೂ ನಾಲ್ಕು ಕಾದಂಬರಿ ಬರೆದಳು. ಕೊನೆಯದು ಬಂದದ್ದು 1991ರಲ್ಲಿ.

ಮೊದಲ ಪುಸ್ತಕಕ್ಕೆ ಅಮೆರಿಕದ ರಹಸ್ಯ ಕಥೆಗಾರರ ಸಂಘ ಒಂದು ಪ್ರಶಸ್ತಿಪತ್ರ ಕೊಟ್ಟಿತ್ತು. ಪೊಸಿಟಾನೊದಲ್ಲಿರುವಾಗ ಅದಕ್ಕೆ ಬೂಷ್ಟು ಹಿಡಿಯಿತು. ಹೈಸ್ಮಿತ್ ಗಾಜು ತೆಗೆದು, ಒರೆಸಿ, ಒಣಗಿಸಿದಳು. ಮತ್ತೆ ಗಾಜು ಕೂರಿಸುವ ಮುನ್ನ, ಅಲ್ಲಿದ್ದ ತನ್ನ ಹೆಸರಿನ ಹಿಂದೆ ಕೈಯಾರೆ ಇನ್ನೊಂದು ಹೆಸರು ಸೇರಿಸಿದಳು: ‘ಮಿಸ್ಟರ್ ರಿಪ್ಲಿ ಮತ್ತು’.