ಹಳೇ ಪುಸ್ತಕ, ಹಳೇ ಜಗಳ – ಭಾಗ 7: ಟ್ರೌಟ್ ಹೊಟ್ಟೆಯಲ್ಲಿ ಏನಿತ್ತು?

(1/4)
ಮೀನಿಗೆ ಗಾಳ ಹೇಗೆ ಹಾಕ್ಬೇಕು ಅನ್ನೋದಕ್ಕೆ ಇಂಗ್ಲೆಂಡಿನ ದೊಡ್ಡ ದೊಡ್ಡವರು ಹತ್ತಿರ ಹತ್ತಿರ ಮೂವತ್ತು ವರ್ಷ ಕಿತ್ತಾಡಿದ್ರು ಅಂದ್ರೆ ನಂಬ್ತೀರಾ? ಜಗಳ ಶುರುವಾಗಿದ್ದು ಪುಸ್ತಕದಿಂದ.

ಜಾಗ: ಹ್ಯಾಂಪ್‌ಶೈರ್‌ನ ಟೆಸ್ಟ್ ಮತ್ತು ಇಚನ್ ನದಿಗಳು. ಅಲ್ಲಿನ ನೆಲ ಸೀಮೆಸುಣ್ಣದ ಕಲ್ಲು. ಮಳೆನೀರು ಅದರೊಳಗೆ ಇಳಿದು, ಸೋಸಿ, ಊಟೆಯಾಗಿ ಹೊರಗೆ ಬರುತ್ತೆ. ಹಾಗಾಗಿ ನೀರು ಕನ್ನಡಿ ಥರ ತಿಳಿ. ಟ್ರೌಟ್ ಮೀನು ನಿಮಗೆ ಕಾಣುತ್ತೆ, ನೀವೂ ಅದಕ್ಕೆ ಕಾಣ್ತೀರಿ!

(2/4)
1879ರಲ್ಲಿ ವಿಂಚೆಸ್ಟರ್‌ನ ಒಂದು ಗಾಳದ ಅಂಗಡಿಯಲ್ಲಿ ಫ್ರೆಡ್ರಿಕ್ ಹ್ಯಾಲ್ಫರ್ಡ್‌ಗೆ ಜಾರ್ಜ್ ಮ್ಯಾರಿಯಟ್ ಪರಿಚಯ ಆಯ್ತು. ಇಬ್ಬರೂ ಸೇರಿ ನದಿಯ ಹುಳಗಳನ್ನ ಹಿಡಿದು, ಅವುಗಳ ಹಾಗೇ ಕಾಣೋ ನಕಲಿ ಹುಳ ಹೇಗೆ ಮಾಡೋದು ಅಂತ ಕೂತು ಕಲಿತರು. ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ, ನೀರ ಮೇಲೆ ತೇಲೋ ಈ ಹುಳವೇ ಡ್ರೈ ಫ್ಲೈ. 1886ರಲ್ಲಿ ಹ್ಯಾಲ್ಫರ್ಡ್ ಮೊದಲ ಪುಸ್ತಕ ಬಂತು, 1889ರಲ್ಲಿ ಎರಡನೇದು. ಲೇಖಕನಾಗಿ ಹೆಸರು ಹಾಕಿಕೊಳ್ಳೋಕೆ ಮ್ಯಾರಿಯಟ್ ಮಾತ್ರ ಒಪ್ಪಲಿಲ್ಲ.

ಪುಸ್ತಕ ಚೆನ್ನಾಗಿತ್ತು. ಅದೇ ತೊಂದರೆ ಆಯ್ತು ನೋಡಿ. ಮೀನು ಮೇಲೆ ಬಂದು ಹುಳ ತಿನ್ನೋದು ಕಂಡ ಮೇಲೇ, ಹರಿವಿಗೆ ಎದುರಾಗಿ, ತೇಲೋ ಹುಳವನ್ನೇ ಎಸೀಬೇಕು ಅನ್ನೋದು ಬರ್ತಾ ಬರ್ತಾ ಕಾನೂನೇ ಆಗೋಯ್ತು. ಬೇರೆ ಥರ ಹಿಡಿದವನು ಸಭ್ಯನೇ ಅಲ್ಲ ಅನ್ನೋ ಮಟ್ಟಕ್ಕೆ!

(3/4)
ಆಗ ಬಂದವರು ಜಿ.ಇ.ಎಂ. ಸ್ಕ್ಯೂಸ್, ವೃತ್ತಿಯಲ್ಲಿ ವಕೀಲರು. ಹಿಡಿದ ಟ್ರೌಟ್‌ನ ಹೊಟ್ಟೆಯಲ್ಲಿ ಇದ್ದಿದ್ದನ್ನ ಉದ್ದನೆ ಚಮಚದಲ್ಲಿ ತೆಗೆದು ನೋಡ್ತಿದ್ರು. ಅಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನದು ರೆಕ್ಕೆ ಬಿಚ್ಚಿದ ಹುಳ ಆಗಿರಲಿಲ್ಲ. ಇನ್ನೂ ನೀರೊಳಗೇ ಇರೋ ಮರಿಹುಳ, ಅಂದ್ರೆ ನಿಂಫ್. ಹಾಗಾದ್ರೆ ನಿಂಫ್ ಥರದ ಗಾಳ ಯಾಕೆ ಹಾಕಬಾರದು? 1910ರ ಪುಸ್ತಕದಲ್ಲಿ ನೀರೊಳಗೆ ಮುಳುಗೋ ಹುಳದ ಪರ ವಾದ ಶುರು ಮಾಡಿದ್ರು, 1921ರ ಪುಸ್ತಕದಲ್ಲಿ ಮುಂದುವರಿಸಿದ್ರು.

ಕಾಮರ್ಸ್ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ಸ್ಟಾಕ್ ಎಷ್ಟಿದೆ ಅಂತ ಲೆಡ್ಜರ್ ನೋಡಿ ಹೇಳಬಹುದು, ಗೋಡೌನ್‌ಗೆ ಹೋಗಿ ಎಣಿಸಿಯೂ ಹೇಳಬಹುದು. ಸ್ಕ್ಯೂಸ್ ಎಣಿಸೋಕೆ ಹೋದವರು.

ಅದಕ್ಕೆ ಬೆಲೆಯೂ ತೆತ್ತರು. 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್‌ನಲ್ಲಿ ಇದೇ ವಿಷಯಕ್ಕೆ ಚರ್ಚೆ ನಡೀತು. ಅವರಿಗೆ ಆಗ 79 ವರ್ಷ, ಎದುರು ಪಕ್ಷದ್ದೇ ಜೋರು. 1883ರಿಂದ ಗಾಳ ಹಾಕ್ತಿದ್ದ ಇಚನ್ ದಡವನ್ನ ಅದೇ ವರ್ಷ ಬಿಟ್ಟರು. ಆದ್ರೆ ಇವತ್ತು ನಿಂಫ್ ಗಾಳ ಎಲ್ಲ ಕಡೆ ಮಾಮೂಲಿ.

(4/4)
ಓದೋದಾದ್ರೆ ಈ ಕ್ರಮದಲ್ಲಿ ಓದಿ:

📖 ಹ್ಯಾಲ್ಫರ್ಡ್, 'ಡ್ರೈ-ಫ್ಲೈ ಫಿಶಿಂಗ್ ಇನ್ ಥಿಯರಿ ಆ್ಯಂಡ್ ಪ್ರಾಕ್ಟೀಸ್' (1889). ಇದನ್ನೇ ಮೊದಲು ಓದಿ. ಅವರ ವಾದ ಅವರ ಬಾಯಲ್ಲೇ ಕೇಳದೆ ಬೈಯೋದು ಸುಲಭ. ಹುಳಗಳನ್ನ ಎಷ್ಟು ತಾಳ್ಮೆಯಿಂದ ನೋಡಿದ್ದಾರೆ ಅನ್ನೋದು ಗೊತ್ತಾಗುತ್ತೆ.

📖 ಸ್ಕ್ಯೂಸ್, 'ಮೈನರ್ ಟ್ಯಾಕ್ಟಿಕ್ಸ್ ಆಫ್ ದ ಚಾಕ್ ಸ್ಟ್ರೀಮ್' (1910). ದೊಡ್ಡವರ ಮಾತನ್ನ ಮರ್ಯಾದೆಯಿಂದಲೇ ಹೇಗೆ ಪ್ರಶ್ನಿಸಬಹುದು ಅಂತ ಇಲ್ಲಿ ನೋಡಿ.

📖 ಥಿಯೋಡರ್ ಗಾರ್ಡನ್ ಬರಹಗಳು. ಇವರು ಅಮೆರಿಕದವರು. 1890ರಲ್ಲಿ ಹ್ಯಾಲ್ಫರ್ಡ್ ಇವರಿಗೆ ನಕಲಿ ಹುಳಗಳನ್ನ ಕಳಿಸಿದ್ರು. ಆದ್ರೆ ಅಲ್ಲಿನ ನದಿಗಳ ರಭಸ ಬೇರೆ, ಹುಳ ಬೇರೆ. ಗಾರ್ಡನ್ ತಮ್ಮ ನದಿಗೆ ತಕ್ಕ ಹಾಗೆ ತಾವೇ ಕಟ್ಟಿಕೊಂಡ್ರು. ಅವರ ಲೇಖನ, ಪತ್ರಗಳು ಪುಸ್ತಕವಾಗಿ ಬಂದಿದ್ದು 1947ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ.

ಗಾಳ ಮುಟ್ಟದವರೂ ಇವನ್ನ ಓದಬಹುದು. ಒಳ್ಳೇ ಪುಸ್ತಕ ಬರೆದವನನ್ನ ಗೌರವಿಸೋ ದಾರಿ ಅಂದ್ರೆ, ಅವನು ನೋಡಿದ ನದಿಯನ್ನ ನಾವೂ ಹೋಗಿ ನೋಡೋದು.

ನಿಮ್ಮ ಸಬ್ಜೆಕ್ಟ್‌ನಲ್ಲಿ ಯಾರೂ ಪ್ರಶ್ನೆ ಮಾಡದ 'ಹ್ಯಾಲ್ಫರ್ಡ್' ಯಾರು? ಕೆಳಗೆ ಬರೀರಿ 👇

#ಹಳೇಪುಸ್ತಕಹಳೇಜಗಳ #ಇತಿಹಾಸ #ಕನ್ನಡದಲ್ಲಿಓದಿ