ಮಾಸ್ಟರ್ ಟೇಪು ಯಾರದು?

ಹಾಡು ಬರೆದು, ರಾಗ ಹಾಕಿ, ಹಾಡಿ, ಗಿಟಾರಿನಿಂದ ಡ್ರಮ್ಸ್‌ವರೆಗೆ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಆಲ್ಬಮ್ ತರುವವರನ್ನು ಸ್ವತಂತ್ರ ಸಂಗೀತಗಾರರು ಎಂದು ಕರೆಯುವುದು ಈಗ ರೂಢಿ. ಆದರೆ ಅಮೆರಿಕದ ಧ್ವನಿಮುದ್ರಣದ ಚರಿತ್ರೆಯಲ್ಲಿ ಒಬ್ಬರೇ ನುಡಿಸುವುದು ಒಂದು ದಾರಿಯಲ್ಲಿ ಬೆಳೆಯಿತು, ಸ್ವಾತಂತ್ರ್ಯ ಬೇರೆಯೇ ದಾರಿಯಲ್ಲಿ ಬಂತು. ಮೊದಲನೆಯದು ಸಾಕಷ್ಟು ಹಳೆಯದು. 1941ರಲ್ಲಿ ನ್ಯೂ ಆರ್ಲಿಯನ್ಸ್ ಮೂಲದ ಜಾಝ್ ವಾದಕ ಸಿಡ್ನಿ ಬೆಶೆ ಕ್ಲಾರಿನೆಟ್, ಸ್ಯಾಕ್ಸೊಫೋನ್, ಪಿಯಾನೊ, ಬಾಸ್, ಡ್ರಮ್ಸ್‌ಗಳನ್ನು ಒಂದಾದ ಮೇಲೊಂದರಂತೆ ನುಡಿಸಿ ಆರ್‌ಸಿಎ ವಿಕ್ಟರ್ ಕಂಪನಿಗಾಗಿ ಒಂದು ಹಾಡನ್ನು ಮುದ್ರಿಸಿದರು. 1948ರಲ್ಲಿ ಲೆಸ್ ಪಾಲ್ ಎಂಟು ಪದರ ಗಿಟಾರು ವಾದನವನ್ನು ಒಂದರ ಮೇಲೊಂದು ಕೂಡಿಸಿದ ತಟ್ಟೆಯನ್ನು ಕ್ಯಾಪಿಟಲ್ ಕಂಪನಿ ಹೊರತಂದಿತು. ಇಬ್ಬರ ಕೌಶಲದ ಬಗ್ಗೆ ಎರಡು ಮಾತಿಲ್ಲ. ಆದರೆ ವಾದ್ಯಗಳ ಸಂಖ್ಯೆ ಎಷ್ಟೇ ಇದ್ದರೂ ಆ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು ಕಂಪನಿಗಳ ಸರಕಾಗಿಯೇ.

ಇದು ಹೀಗೇಕೆ ಎಂದು ತಿಳಿಯಬೇಕಾದರೆ ಆ ಉದ್ಯಮದ ಲೆಕ್ಕಪುಸ್ತಕವನ್ನು ತೆರೆಯಬೇಕು. ಕಂಪನಿ ಕಲಾವಿದರಿಗೆ ಕೊಡುವ ಮುಂಗಡ ಹಣ ಹೆಚ್ಚುಕಡಿಮೆ ಸಾಲವಿದ್ದಂತೆ. ಸ್ಟುಡಿಯೊ ಬಾಡಿಗೆ, ಪಕ್ಕವಾದ್ಯದವರ ಸಂಭಾವನೆ, ನಿರ್ಮಾಪಕರ ಶುಲ್ಕ ಎಲ್ಲವೂ ಅದರಲ್ಲೇ ಸೇರಿ ಕಲಾವಿದರ ಖಾತೆಗೆ ಬೀಳುತ್ತವೆ. ಈ ಸಾಲ ತೀರುವುದು ಒಟ್ಟು ಮಾರಾಟದ ಹಣದಿಂದ ಅಲ್ಲ, ಕಲಾವಿದರ ಪಾಲಿಗೆ ಬರುವ ರಾಯಲ್ಟಿಯಿಂದ ಮಾತ್ರ. ಉದಾಹರಣೆಗೆ, ಮುದ್ರಣದ ಖರ್ಚು 1 ಲಕ್ಷ, ಕಲಾವಿದರ ಪಾಲು ನೂರಕ್ಕೆ 10 ಎಂದಿಟ್ಟುಕೊಳ್ಳೋಣ. 10 ಲಕ್ಷದ ಮಾರಾಟವಾಗುವವರೆಗೆ ಅವರ ಕೈಗೆ ಬಿಡಿಗಾಸೂ ಬರುವುದಿಲ್ಲ. ಅಷ್ಟರೊಳಗೆ ಕಂಪನಿಯ ಬಳಿ 9 ಲಕ್ಷ ಸೇರಿರುತ್ತದೆ, ತಟ್ಟೆ ಒತ್ತಿಸುವ, ಅಂಗಡಿಗೆ ಮುಟ್ಟಿಸುವ ಖರ್ಚು ಅದರಿಂದ ಕಳೆಯಬೇಕು, ನಿಜ. ಕೊನೆಗೆ ಸಾಲವೆಲ್ಲ ತೀರಿದ ಮೇಲೂ ಮೂಲ ಮುದ್ರಣ, ಅಂದರೆ ಮಾಸ್ಟರ್ ಟೇಪು, ಸಾಮಾನ್ಯವಾಗಿ ಕಂಪನಿಯದಾಗಿಯೇ ಉಳಿಯುತ್ತದೆ. ಮನೆಸಾಲದ ಕೊನೆಯ ಕಂತು ಕಟ್ಟಿದವರಿಗೆ ಮನೆಯ ಪತ್ರ ಸಿಗುತ್ತದೆ, ಇಲ್ಲಿ ಅದೂ ಇಲ್ಲ. ಬಹುವಾದ್ಯ ಕೌಶಲಕ್ಕೆ ಕಲೆಯಾಚೆಗೂ ಒಂದು ತೂಕ ಬರುವುದು ಈ ಲೆಕ್ಕದಿಂದಲೇ: ಇನ್ನೊಬ್ಬ ವಾದಕರಿಗೆ ಹಣ ಕೊಡಬೇಕಿಲ್ಲದವರಿಗೆ ಮುಂಗಡದ ಅಗತ್ಯ ಕಡಿಮೆ, ಮುಂಗಡ ಬೇಡದವರು ಟೇಪನ್ನು ಬಿಟ್ಟುಕೊಡಬೇಕಾಗಿಲ್ಲ.

ಆದರೆ ಆ ಕೌಶಲವೊಂದೇ ಸಾಲದು ಎಂಬುದಕ್ಕೆ ಪಾಪ್ ಗಾಯಕ ಪ್ರಿನ್ಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1978ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲೆ 27 ವಾದ್ಯಗಳು ಅವರ ಹೆಸರಿನಲ್ಲಿವೆ. ಆಗಿನ್ನೂ ಅವರಿಗೆ 19 ವರ್ಷ. ಆದರೂ ಟೇಪು ಧ್ವನಿಮುದ್ರಣ ಕಂಪನಿ ವಾರ್ನರ್ ಬ್ರದರ್ಸ್‌ನದು. 1993ರಲ್ಲಿ ಅವರು ಹೆಸರನ್ನೇ ಬಿಟ್ಟು ಒಂದು ಚಿಹ್ನೆಯಾದರು, ಕೆನ್ನೆಯ ಮೇಲೆ ಗುಲಾಮ ಎಂದು ಬರೆದುಕೊಂಡು ಜನರೆದುರು ಬಂದರು. 1996ರಲ್ಲಿ ಆ ಕಂಪನಿಯ ಒಪ್ಪಂದದಿಂದ ಹೊರಬಂದು, ಬಿಡುಗಡೆ ಎಂಬ ಅರ್ಥದ ಹೆಸರಿಟ್ಟು ಮೂರು ಸಿಡಿಗಳ ಆಲ್ಬಮ್ ತಂದರು. ಹಳೆಯ ಮುದ್ರಣಗಳ ಒಡೆತನ ಮರಳಿ ಸಿಕ್ಕಿದ್ದು 2014ರ ಒಪ್ಪಂದದಲ್ಲಿ. ಕೋಟ್ಯಧೀಶನೊಬ್ಬ ಗುಲಾಮಗಿರಿಯ ಮಾತಾಡಿದ್ದು ಅತಿಯಾಯಿತು ಎಂದು ಆ ಹೋರಾಟದ ದಿನಗಳಲ್ಲಿ ಅನೇಕರು ಮೂಗು ಮುರಿದರು. ಗುಲಾಮಗಿರಿಯ ನಿಜವಾದ ನೋವನ್ನು ಉಂಡ ನಾಡಿನಲ್ಲಿ ಆ ಮಾತು ಭಾರವಾದದ್ದೇ. ಆದರೂ ಅವರ ವಾದದ ತಿರುಳು ಆದಾಯದ ಗಾತ್ರವನ್ನು ಕುರಿತದ್ದಾಗಿರಲಿಲ್ಲ, ಮಾಡಿದ ಕೆಲಸದ ಮೇಲಿನ ಹಕ್ಕನ್ನು ಕುರಿತದ್ದಾಗಿತ್ತು. ಆ ತಿರುಳು ಸರಿಯಾಗಿತ್ತೆಂದೇ ನನ್ನ ತೀರ್ಮಾನ.

ಪ್ರಿನ್ಸ್ ಕಾದಾಡಿ ಪಡೆದದ್ದನ್ನು ಮೊದಲ ದಿನದಿಂದಲೇ ಕೈಬಿಡದೆ ಇಟ್ಟುಕೊಂಡವರು ಆನಿ ಡಿಫ್ರಾಂಕೊ. ನ್ಯೂಯಾರ್ಕ್ ರಾಜ್ಯದ ಬಫಲೊ ನಗರದಲ್ಲಿ 1970ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಅಲ್ಲಿನ ಬಾರುಗಳಲ್ಲಿ ಹಾಡಲು ತೊಡಗಿದ್ದರು. ಗಲಾಟೆಯ ನಡುವೆ ಒಂದು ಗಿಟಾರು ಕೇಳಬೇಕಾದರೆ ಅದೇ ತಂತಿಯೂ ಆಗಬೇಕು, ತಾಳವೂ ಆಗಬೇಕು. ಬೆರಳುಗಳಿಗೆ ಕೃತಕ ಉಗುರು ಅಂಟಿಸಿ, ಅಂಟುಪಟ್ಟಿ ಸುತ್ತಿ, ತಂತಿಗಳನ್ನು ಮೀಟುತ್ತಲೇ ಬಡಿಯುವ ಅವರ ಶೈಲಿ ಈ ಒತ್ತಡಕ್ಕೆ ತಕ್ಕುದಾಗಿತ್ತು. 1990ರಲ್ಲಿ, ರೈಚಸ್ ಬೇಬ್ ಎಂದು ಹೆಸರಾದ ಸ್ವಂತ ಲೇಬಲ್ಲಿನಿಂದ ಮೊದಲ ಆಲ್ಬಮ್ ತಂದರು. ಕಚೇರಿಯಿಂದ ಕಚೇರಿಗೆ ಊರೂರು ಸುತ್ತುತ್ತ ಕ್ಯಾಸೆಟ್‌ಗಳನ್ನು ಕೇಳುಗರ ಕೈಗೇ ಮಾರಿದರು. ದೊಡ್ಡ ಕಂಪನಿಗಳು ಕರೆದಾಗ ಒಪ್ಪಲಿಲ್ಲ. 1997ರ ಹೊತ್ತಿಗೆ ಅವರ ಎರಡು ಸಿಡಿಗಳ ನೇರ ಕಚೇರಿ ಮುದ್ರಣ ಬಂದಿತ್ತು. ಮುಂದೆ ಅದು ಅಮೆರಿಕದ ಮಾರಾಟದ ಲೆಕ್ಕದಲ್ಲಿ ಗೋಲ್ಡ್ ದರ್ಜೆ ಪಡೆಯಿತು. 1997ರಲ್ಲೇ ಮಿಸ್ ಎಂಬ ಸ್ತ್ರೀವಾದಿ ಪತ್ರಿಕೆ ಅವರನ್ನು ಕೊಂಡಾಡುವಾಗ, ಒಂದು ಆಲ್ಬಮ್ಮಿಗೆ ಅವರಿಗೆ 4.25 ಡಾಲರ್ ಸಿಗುತ್ತದೆ, ಹೂಟಿ ಅಂಡ್ ದಿ ಬ್ಲೋಫಿಶ್ ಎಂಬ ಜನಪ್ರಿಯ ತಂಡಕ್ಕೆ ಸಿಗುವುದು 1.25 ಡಾಲರ್ ಎಂಬ ಲೆಕ್ಕವನ್ನು ಮುಂದಿಟ್ಟಿತು. ಡಿಫ್ರಾಂಕೊ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ತನ್ನ ಹಾಡನ್ನೂ ರಾಜಕೀಯ ನಿಲುವನ್ನೂ ಬಿಟ್ಟು ಲಾಭದಿಂದ ತನ್ನನ್ನು ಅಳೆಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಬೇಸರವನ್ನು ಗೌರವಿಸುತ್ತಲೇ ಹೇಳಬೇಕು, ಆ 3 ಡಾಲರ್ ಅಂತರ ಚರಿತ್ರೆಕಾರರಿಗೆ ಬೆಲೆಬಾಳುವ ಸಾಕ್ಷ್ಯ. ಯಾರಿಗೂ ತಲೆಬಾಗದೆ ಆ ರಾಜಕೀಯವನ್ನು ಹಾಡಲು ಆಸರೆಯಾದದ್ದು ಅದೇ.

ಬದಲಾವಣೆ ತಂದದ್ದು ಯಂತ್ರ, ವ್ಯಕ್ತಿಗಳಲ್ಲ ಎಂಬ ವಾದವೊಂದಿದೆ. 1979ರಲ್ಲಿ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಪದರ ಮುದ್ರಿಸುವ ಪೋರ್ಟಾಸ್ಟುಡಿಯೊ ತಂದಿತು, ಆಮೇಲೆ ಕಂಪ್ಯೂಟರ್ ಬಂತು, ಮನೆಯೇ ಸ್ಟುಡಿಯೊ ಆಯಿತು ಎನ್ನುತ್ತಾರೆ. ಯಂತ್ರ ನೆರವಾದದ್ದು ಸತ್ಯ. ಆದರೆ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ, ಅಂಥದೇ ಪೋರ್ಟಾಸ್ಟುಡಿಯೊದ ಮೇಲೆ ಒಬ್ಬರೇ ಹಾಡಿ ನುಡಿಸಿ ಮುದ್ರಿಸಿದ ನೆಬ್ರಾಸ್ಕಾ ಎಂಬ ಆಲ್ಬಮ್ ಹೊರಬಂದದ್ದು ಕೊಲಂಬಿಯಾ ಕಂಪನಿಯಿಂದ. ಇತ್ತ ಗಾಯಕ ಸ್ಟೀವಿ ವಂಡರ್ 1971ರಲ್ಲಿ 21 ವರ್ಷ ತುಂಬಿದ ಕೂಡಲೇ, ಬಾಲ್ಯದಲ್ಲಿ ಮೋಟೌನ್ ಕಂಪನಿಯ ಜೊತೆ ಆದ ಒಪ್ಪಂದವನ್ನು ಮುಗಿಸಿ, ಸ್ವಂತ ಪ್ರಕಾಶನ ಸಂಸ್ಥೆ ಕಟ್ಟಿ, ಸೃಜನಶೀಲ ಹಿಡಿತವನ್ನು ಕೈಗೆ ತೆಗೆದುಕೊಂಡೇ ಅದೇ ಕಂಪನಿಗೆ ಮರಳಿದರು. ಮರುವರ್ಷ ಹೆಚ್ಚುಪಾಲು ವಾದ್ಯಗಳನ್ನು ತಾವೇ ನುಡಿಸಿದ ಆಲ್ಬಮ್ ಬಂತು. ಆಗ ಪೋರ್ಟಾಸ್ಟುಡಿಯೊ ಇನ್ನೂ ಹುಟ್ಟಿರಲಿಲ್ಲ, ಕರಾರಿನ ಒಕ್ಕಣೆ ಮಾತ್ರ ಬದಲಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಂಪನಿಗಳು ಹೂಡುವ ಹಣದಲ್ಲಿ ಹೆಚ್ಚಿನ ಆಲ್ಬಮ್‌ಗಳು ಸೋಲುತ್ತವೆ, ಗೆದ್ದವರ ಪಾಲಿನಿಂದಲೇ ಸೋತವರ ನಷ್ಟ ತುಂಬಬೇಕು, ಡಿಫ್ರಾಂಕೊ ಅಪವಾದ, ಅವರನ್ನು ನೋಡಿ ಎಲ್ಲರಿಗೂ ಬುದ್ಧಿ ಹೇಳಲಾಗದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅವರ ಹಿಂದೆಯೂ ಲೆಕ್ಕ, ಅಂಚೆ, ಕಚೇರಿಗಳ ಏರ್ಪಾಟು ನೋಡುವ ಬಳಗವಿತ್ತು, ವೇದಿಕೆಯ ಮೇಲೆ ಡ್ರಮ್ಸ್ ಜೊತೆಗಾರರಿದ್ದರು. ಒಂಟಿಯಾಗಿ ಎಲ್ಲವನ್ನೂ ಮಾಡಿದರೆಂಬುದು ಬರೀ ದಂತಕಥೆ. ಬರೆದು, ನುಡಿಸಿ, ಮುದ್ರಿಸಿ, ಮಿಶ್ರಣವನ್ನೂ ತಾವೇ ಮಾಡಿದ ಆಲ್ಬಮ್ ಅವರಿಂದ ಬಂದದ್ದು 2004ರಲ್ಲಿ, ಲೇಬಲ್ ಕಟ್ಟಿ ಹದಿನಾಲ್ಕು ವರ್ಷವಾದ ಮೇಲೆ. ಹಾಗಾದರೆ ಒಡೆತನ ಮೊದಲು ಬಂತು, ಪೂರ್ತಿ ಒಂಟಿ ಕೆಲಸ ಆಮೇಲೆ. ಹೂಡಿಕೆಯ ಅಪಾಯಕ್ಕೆ ಕಂಪನಿಗೆ ಪ್ರತಿಫಲ ಸಲ್ಲಬೇಕು, ಆದರೆ ಅದು ಲಾಭದ ಪಾಲಿನ ರೂಪದಲ್ಲಿ ಸಾಕು. ಶಾಶ್ವತ ಒಡೆತನವೇ ಏಕಾಗಬೇಕು ಎಂಬ ಪ್ರಶ್ನೆಗೆ ಈ ಆಕ್ಷೇಪದಲ್ಲಿ ಉತ್ತರವಿಲ್ಲ. ರೈಚಸ್ ಬೇಬ್ ಬೇರೆ ಗಾಯಕರ ಆಲ್ಬಮ್‌ಗಳನ್ನೂ ತಂದಿತು, ಬಫಲೊದಲ್ಲಿ ಕೆಡವಬೇಕೆಂದಿದ್ದ 19ನೇ ಶತಮಾನದ ಚರ್ಚೊಂದನ್ನು ಉಳಿಸಿ 2006ರಲ್ಲಿ ಅದನ್ನು ಕಚೇರಿ ಮಂದಿರವನ್ನಾಗಿಸಿತು. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಊರಿನಲ್ಲಿ ಹಾಡಿನ ಹಣ ಹಾಡಿನವರ ಊರಲ್ಲೇ ತಿರುಗಿತು.

ನಮ್ಮಲ್ಲೂ ಇದು ದೂರದ ಸಂಗತಿಯಲ್ಲ. 2012ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಕಾಯ್ದೆ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ರಾಯಲ್ಟಿಯ ಸಮಪಾಲನ್ನು ಕೊಟ್ಟಿದೆ, ಆ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ. ಆದರೆ ಈ ರಕ್ಷಣೆ ಸಾಹಿತ್ಯಕ್ಕೆ ಮತ್ತು ರಾಗಕ್ಕೆ. ಮುದ್ರಣದ ಮಾತು ಬೇರೆ, ಅಲ್ಲಿ ಕಾನೂನಿನ ಪ್ರಕಾರ ಮೊದಲ ಒಡೆಯ ಅದರ ನಿರ್ಮಾಪಕ, ಅಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವರು. ಮನೆಯ ಕೋಣೆಯಲ್ಲಿ ತಾನೇ ಎಲ್ಲ ವಾದ್ಯ ನುಡಿಸಿ, ತನ್ನದೇ ಖರ್ಚಿನಲ್ಲಿ ಹಾಡು ಮುದ್ರಿಸುವ ಧಾರವಾಡದ ಅಥವಾ ಮೈಸೂರಿನ ಯುವತಿಯೊಬ್ಬಳು ಈ ಅರ್ಥದಲ್ಲಿ ನಿರ್ಮಾಪಕಿಯೂ ಹೌದು. ಯಾವುದಾದರೂ ಕರಾರಿಗೆ ಸಹಿ ಹಾಕುವವರೆಗೆ ಮಾಸ್ಟರ್ ಅವಳದೇ.